ವಿನೆಗರ್ ಡ್ರಮ್ಮು: ತೊಳೆದದ್ದೆಲ್ಲ ಶುದ್ಧವಲ್ಲ

ಕೊಬ್ಬರಿಗೆಂದು ಕಾಯಿ ಒಡೆಯುವಾಗ ಅಂಗಳದಲ್ಲಿ ಹರಿದುಹೋಗುವ ನೀರು ಕಂಡರೆ ಯಾರಿಗೂ ಹೊಟ್ಟೆ ಉರಿಯುತ್ತದೆ. ನೂರು ಕಾಯಿ ಒಡೆದರೆ ಹತ್ತು ಲೀಟರಿನಷ್ಟು ನೀರು ಸಿಗುತ್ತದೆ. ಅದರಿಂದ ವಿನೆಗರ್ ಮಾಡಲು ಹೊರಟ ನನಗೆ ಮೊದಲೆರಡು ಸಲ ಚೆನ್ನಾಗಿಯೇ ಬಂತು. ಮೂರನೇ ಸಲ 40 ಲೀಟರ್ ಪೂರ್ತಿ ಗೊಬ್ಬರದ ಗುಂಡಿಗೆ! ಹಾಕಿದ್ದ ಮೂರು ಕಿಲೋ ಸಕ್ಕರೆಯೂ ಅದರೊಟ್ಟಿಗೆ ಹೋಯಿತು. ಮೇಲೆ ಬಿಳಿ ಕೆನೆ, ಮೂಗು ಮುಚ್ಚಿಕೊಳ್ಳುವಂಥ ವಾಸನೆ.

ಡ್ರಮ್ಮಿಗೆ ಬ್ಲೀಚಿಂಗ್ ಪುಡಿ ಹಾಕಿದ್ದೆನಲ್ಲ, ಮತ್ತೆ ಹೇಗೆ ಹಾಳಾಯಿತು? ಬುಡದ ನಲ್ಲಿಯನ್ನು ಬಿಚ್ಚಿದಾಗ ಉತ್ತರ ಸಿಕ್ಕಿತು. ವಾಶರಿನ ಸಂದಿಯಲ್ಲಿ ಹಿಂದಿನ ಸಲದ ಲೋಳೆ ಹಾಗೇ ಕೂತಿತ್ತು.

ವಿನೆಗರ್ ಆಗುವುದು ಎರಡು ಹಂತದಲ್ಲಿ. ಮೊದಲು ಯೀಸ್ಟ್ ಸಕ್ಕರೆಯನ್ನು ಹುಳಿಬರಿಸಿ ಮದ್ಯಸಾರ ಮಾಡುತ್ತದೆ. ಆಮೇಲೆ ವಿನೆಗರ್ ಬ್ಯಾಕ್ಟೀರಿಯಾ ಗಾಳಿಯ ಸಹಾಯದಿಂದ ಅದನ್ನು ಆಮ್ಲವಾಗಿಸುತ್ತದೆ. ನಮಗೆ ಬೇಕಾದವು ಇವೆರಡೇ. ಕರೆಯದೆ ಬರುವ ಉಳಿದವಕ್ಕೆ ಜಾಗ ಕೊಡಬಾರದು.

ಇಲ್ಲಿ ನೆನಪಿಡಬೇಕಾದ್ದು ಒಂದೇ. ಕೊಳೆ ತೆಗೆಯುವುದು ಬೇರೆ, ಕ್ರಿಮಿ ಕೊಲ್ಲುವುದು ಬೇರೆ. ಕೊಳೆ ಇರುವಲ್ಲಿ ಬ್ಲೀಚಿಂಗ್ ಪುಡಿಯ ಕ್ಲೋರಿನ್ ಕೊಳೆಯ ಮೇಲೆಯೇ ಖರ್ಚಾಗಿ ಹೋಗುತ್ತದೆ. ಲೋಳೆಯ ಅಡಿಯಲ್ಲಿರುವ ಕ್ರಿಮಿಗೆ ಏನೂ ಆಗುವುದಿಲ್ಲ. ಹಾಗಾಗಿ ಈಗ ನಾನು ಅನುಸರಿಸುವ ಕ್ರಮ ಹೀಗಿದೆ.

1. ಡ್ರಮ್ಮು ಖಾಲಿಯಾದ ಕೂಡಲೇ ನೀರು ಹಾಕಿ ಗಲಬರಿಸಿ. ಒಣಗಿದರೆ ಕೆಲಸ ಇಮ್ಮಡಿ. ನಲ್ಲಿ, ವಾಶರು, ರಬ್ಬರ್ ಪೈಪು ಎಲ್ಲ ಬಿಚ್ಚಿ ಬೇರೆ ಮಾಡಿ.

2. ಹತ್ತು ಲೀಟರ್ ಬಿಸಿನೀರಿಗೆ 100 ಗ್ರಾಂ ವಾಷಿಂಗ್ ಸೋಡಾ (ಅಡುಗೆ ಸೋಡಾ ಅಲ್ಲ) ಕರಗಿಸಿ ಅರ್ಧ ಗಂಟೆ ನೆನೆಸಿ. ಕೈಗೆ ಗವಸು ಇರಲಿ. ಬಟ್ಟೆಯಲ್ಲಿ ತಿಕ್ಕಿ. ತೆಂಗಿನ ನಾರು, ಕಬ್ಬಿಣದ ಬ್ರಶ್ಶು ಬೇಡ. ಪ್ಲಾಸ್ಟಿಕ್ ಗೀಚಿದರೆ ಆ ಗೀರೇ ಕ್ರಿಮಿಗಳ ಮನೆ. ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾವೂ ತಿನ್ನುತ್ತದೆ, ವಿನೆಗರೂ ತಿನ್ನುತ್ತದೆ. ಅದನ್ನು ದೂರವಿಡಿ.

3. ಜಾರುವುದು ನಿಲ್ಲುವವರೆಗೆ ನೀರಿನಲ್ಲಿ ತೊಳೆಯಿರಿ.

4. ಇಷ್ಟಾದ ಮೇಲೆ ಕ್ರಿಮಿಯ ಸರದಿ. ಗಾಜಿನ ಬಾಟಲಿಯಾದರೆ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ತಣ್ಣೀರಿನಲ್ಲೇ ಇಟ್ಟು ಬಿಸಿಯೇರಿಸಿ 20 ನಿಮಿಷ ಕುದಿಸಿ. ಕುದಿವ ನೀರಿಗೆ ಒಮ್ಮೆಲೇ ಹಾಕಿದರೆ ಒಡೆದೀತು. ಪ್ಲಾಸ್ಟಿಕ್ ಡ್ರಮ್ಮನ್ನು ಕುದಿಸಲು ಬರುವುದಿಲ್ಲ. ಅದಕ್ಕೆ ಹತ್ತು ಲೀಟರ್ ತಣ್ಣೀರಿಗೆ 6-7 ಗ್ರಾಂ ಹೊಸ ಬ್ಲೀಚಿಂಗ್ ಪುಡಿ ಕಲಸಿ, ಗಷ್ಟ ಕೂತ ಮೇಲೆ ತಿಳಿನೀರು ಮಾತ್ರ ಬಳಸಿ. ಒಳಗೆಲ್ಲ ತಾಗುವಂತೆ 15 ನಿಮಿಷ ಬಿಡಿ. ಬಿಚ್ಚಿಟ್ಟ ಬಿಡಿಭಾಗಗಳೂ ಅದರಲ್ಲೇ ಮುಳುಗಿರಲಿ.

5. ಕುದಿಸಿ ಆರಿಸಿದ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಬಾವಿಯ ಹಸಿನೀರು ಹಾಕಿದರೆ ಮಾಡಿದ್ದೆಲ್ಲ ವ್ಯರ್ಥ. ತೊಳೆಯದೆ ಬಿಟ್ಟರೆ ಉಳಿದ ಕ್ಲೋರಿನ್ ನಮ್ಮ ಯೀಸ್ಟನ್ನೂ ಕೊಲ್ಲುತ್ತದೆ. ಬಟ್ಟೆಯಿಂದ ಒರೆಸಬೇಡಿ, ಕವುಚಿಡಿ.

ಎಚ್ಚರಿಕೆ ಎರಡು. ಬ್ಲೀಚಿಂಗ್ ಪುಡಿಗೆ ವಿನೆಗರ್ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ವಿನೆಗರ್ ಇದ್ದ ಡ್ರಮ್ಮಿಗೆ ತೊಳೆಯದೆ ಪುಡಿ ಹಾಕಲೇಬಾರದು. ಅಂದು ನನಗೆ ಕೆಮ್ಮು ಬಂದದ್ದು ಇದರಿಂದಲೇ ಇರಬೇಕು. ಬಯಲಿನಲ್ಲಿದ್ದೆ, ಬಚಾವಾದೆ. ಇನ್ನೊಂದು, ಕೀಟನಾಶಕ ತುಂಬಿದ್ದ ಡ್ರಮ್ಮು ಎಷ್ಟು ಸಲ ತೊಳೆದರೂ ಈ ಕೆಲಸಕ್ಕೆ ಆಗದು.

ಬ್ಲೀಚಿಂಗ್ ಪುಡಿ ಹಳತಾದಂತೆ ಸತ್ವ ಕಳೆದುಕೊಳ್ಳುತ್ತದೆ. ಸ್ವಲ್ಪವೇ ತಂದು, ಗಾಳಿಯಾಡದ ಡಬ್ಬದಲ್ಲಿ ಕತ್ತಲೆಯ ಜಾಗದಲ್ಲಿಡಿ.

ಒಂದು ಡ್ರಮ್ಮಿಗೆ ಒಟ್ಟು ಒಂದೂವರೆ ಗಂಟೆ ಬೇಕು. ಉದಾಸೀನವಾದಾಗಲೆಲ್ಲ ಆ ಮೂರು ಕಿಲೋ ಸಕ್ಕರೆ ನೆನಪಿಸಿಕೊಳ್ಳುತ್ತೇನೆ. ನಾನು ಮರೆತರೂ ಮನೆಯವಳು ಮರೆಯುವುದಿಲ್ಲ.