ಅತ್ತೆಯ ತಾಳಿ ಮತ್ತು ಇಪ್ಪತ್ನಾಲ್ಕರ ರೀಲು

ನಮ್ಮ ಅತ್ತೆಯ ಮದುವೆ ಆಲ್ಬಮ್‌ನಲ್ಲಿ ತಾಳಿ ಕಟ್ಟುವ ಫೋಟೋ ಇಲ್ಲ. ಅಂತರಪಟದ ಹಿಂದೆ ಬೆವರುತ್ತಾ ನಿಂತಿರುವ ಮಾವ ಇದ್ದಾರೆ, ಜೀರಿಗೆ-ಬೆಲ್ಲ ಇದೆ. ಪುಟ ತಿರುಗಿಸಿದರೆ ಇಬ್ಬರ ತಲೆ ಮೇಲೂ ಅಕ್ಷತೆ, ಕೊರಳಲ್ಲಿ ತಾಳಿ ಆಗಲೇ ಬಂದುಬಿಟ್ಟಿದೆ. ನಡುವಿನ ಆ ಅರ್ಧ ನಿಮಿಷ ಕಾಣೆ. ಫೋಟೋ ತೆಗೆದವರು ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಮಾತು ಬೈದು ಮರೆಯಬಹುದಿತ್ತು. ತೆಗೆದವರು ನಮ್ಮಪ್ಪ. ಸ್ವಂತ ತಂಗಿಯ ಮದುವೆ. 1990, ತಿಪಟೂರು.

ಅಪ್ಪನಿಗೆ ಆಗ ಒಂದು ಪುಟ್ಟ ಸ್ಟುಡಿಯೋ ಇತ್ತು. ಕೈಯಲ್ಲಿ ಯಾಶಿಕಾ ಮ್ಯಾಟ್ 124ಜಿ. ಮೇಲೊಂದು ಕೆಳಗೊಂದು ಲೆನ್ಸ್ ಇರುವ, ಎದೆಯ ಹತ್ತಿರ ಹಿಡಿದು ತಲೆ ಬಗ್ಗಿಸಿ ನೋಡುವ ಕ್ಯಾಮೆರಾ. ನಿಮ್ಮ ಮನೆಯ ಹಳೇ ಮದುವೆ ಆಲ್ಬಮ್‌ನಲ್ಲಿ ಚೌಕ ಫೋಟೋಗಳಿದ್ದರೆ ಇಂಥದ್ದರಲ್ಲೇ ತೆಗೆದಿರಬಹುದು. ಒಂದು ರೀಲಿಗೆ ಹನ್ನೆರಡು ಫೋಟೋ, ಅಷ್ಟೇ. ಹನ್ನೆರಡು ಮುಗಿದ ಮೇಲೆ ಉಳಿದ ಕಾಗದ ಸುತ್ತಬೇಕು, ಹಿಂದಿನ ಬಾಗಿಲು ತೆಗೆಯಬೇಕು, ತೆಗೆದ ರೀಲಿನ ಅಂಟುಪಟ್ಟಿಯನ್ನು ನಾಲಿಗೆಗೆ ಸವರಿ ಅಂಟಿಸಬೇಕು, ಕೆಳಗಿನ ಖಾಲಿ ಸ್ಪೂಲ್ ಮೇಲಕ್ಕೆ ಹಾಕಬೇಕು, ಹೊಸ ರೀಲಿನ ಕಾಗದದ ತುದಿ ಅದರ ಸೀಳಿಗೆ ಸಿಕ್ಕಿಸಿ ಬಾಣದ ಗುರುತು ಬರೋವರೆಗೆ ತಿರುಗಿಸಬೇಕು, ಮುಚ್ಚಬೇಕು, ಮತ್ತೆ ತಿರುಗಿಸಬೇಕು. ಪಳಗಿದ ಕೈಗೂ ಒಂದು ನಿಮಿಷ ಬೇಕು. ಅವತ್ತು ಜೀರಿಗೆ-ಬೆಲ್ಲಕ್ಕೆ ಅಪ್ಪ ಒಂದೆರಡು ಜಾಸ್ತಿ ಕ್ಲಿಕ್ ಮಾಡಿಬಿಟ್ಟಿದ್ದರು. ಬಾಗಿಲು ತೆಗೆದು ಕೂತಿದ್ದಾಗಲೇ ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ" ಅಂದರು.

ಆಮೇಲೆ ಇನ್ನೊಂದು ಸಲ ಕಟ್ಟಿದ ಹಾಗೆ ಮಾಡಿ ಅಂತ ಅಪ್ಪ ಕೇಳಿಕೊಂಡರಂತೆ. ಅಜ್ಜಿ ಒಪ್ಪಲಿಲ್ಲ. "ತಾಳಿ ಎರಡು ಸಲ ಕಟ್ಟೋದುಂಟೇನೋ?" ಅಂದರಂತೆ.

ಅಲ್ಲಿಂದ ಮುಂದೆ ಮೂವತ್ತು ವರ್ಷ ನಮ್ಮ ಮನೆಯ ಪ್ರತಿ ಹಬ್ಬದಲ್ಲೂ ಇದೇ ಸಂಭಾಷಣೆ. ಅಪ್ಪ "ರೀಲು ಮುಗಿದಿತ್ತು ಕಣೇ" ಅಂತಾರೆ, ಅತ್ತೆ "ರೀಲು ಬಿಡಬೇಡ ಅಣ್ಣಾ" ಅಂತಾರೆ. ಎಲ್ಲರೂ ನಗ್ತಾರೆ. ಅಪ್ಪ ಸ್ವಲ್ಪ ಕಡಿಮೆ ನಗ್ತಾರೆ.

2020ರ ಲಾಕ್‌ಡೌನ್‌ನಲ್ಲಿ ನಾನು ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದೆ. ಬೀರು ತೆಗೆದಾಗ ಆ ಯಾಶಿಕಾ ಸಿಕ್ಕಿತು. ಲೆನ್ಸ್ ಒರೆಸಿ, ಹಿಂದಿನ ಬಾಗಿಲು ತೆಗೆದು ನೋಡಿದರೆ, ಫಿಲ್ಮನ್ನು ಒತ್ತಿ ಹಿಡಿಯುವ ಕಪ್ಪು ತಗಡಿನ ಮೇಲೆ ಎರಡು ಅಂಕಿ: 12 ಮತ್ತು 24. ತಗಡು ಪಕ್ಕಕ್ಕೆ ಜರುಗುತ್ತೆ ಅಂತ ಗೊತ್ತಾಯಿತು. ಎಷ್ಟು ಗಟ್ಟಿಯಾಗಿತ್ತು ಅಂದರೆ, ಕ್ಯಾಮೆರಾ ಕೊಂಡಾಗಿನಿಂದ ಯಾರೂ ಅದನ್ನು ಜರುಗಿಸಿಯೇ ಇರಲಿಲ್ಲ ಅನ್ನಿಸಿತು.

"ಇದೇನಪ್ಪಾ ಇಪ್ಪತ್ನಾಲ್ಕು?"

"ಅದಾ? 220 ರೀಲಿಗೆ. ಕೇಳಿದ್ದೆ. ಆ ರೀಲು ನಮ್ಮ ಕಡೆ ನಾನಂತೂ ಕಣ್ಣಲ್ಲಿ ನೋಡಲಿಲ್ಲ."

ಕ್ಯಾಮೆರಾದ ಹೆಸರೇ ಅದು! ಹನ್ನೆರಡು, ಇಪ್ಪತ್ನಾಲ್ಕು, ಎರಡೂ ಸೇರಿಸಿ 124. ಆ ಹೆಸರಿನ ಅರ್ಧವನ್ನು ಮಾತ್ರ ಬಳಸಿ ಅಪ್ಪ ನಮ್ಮನ್ನೆಲ್ಲ ಓದಿಸಿದ್ದರು.

ಈ 120, 220 ಅಂಕಿಗಳ ಕಥೆ ಸ್ವಲ್ಪ ಹೇಳಲೇಬೇಕು. 120 ರೀಲು ಬಂದದ್ದು 1901ರಲ್ಲಿ, ಕೊಡಾಕ್ ಕಂಪನಿಯ ಬ್ರೌನಿ ಕ್ಯಾಮೆರಾಗಾಗಿ. ಫಿಲ್ಮಿನ ಬೆನ್ನಿಗೆ ಉದ್ದಕ್ಕೂ ಒಂದು ಕಪ್ಪು ಕಾಗದ, ಅದರ ಮೇಲೆ 1, 2, 3 ಅಂತ ಅಂಕಿ. ಕ್ಯಾಮೆರಾ ಹಿಂದೆ ಪುಟ್ಟ ಕೆಂಪು ಕಿಟಕಿ. ಅದರಲ್ಲಿ ಅಂಕಿ ಕಂಡಾಗ ತಿರುಗಿಸೋದು ನಿಲ್ಲಿಸಿದರಾಯಿತು. ನಮ್ಮ ಅಪ್ಪ-ಅಮ್ಮಂದಿರ ಕಾಲದ ಆಗ್ಫಾ ಕ್ಲಿಕ್ ನೆನಪಿದ್ದರೆ, ಅದೂ ಈ ಜಾತಿಯೇ. 1965ರಲ್ಲಿ ಬಂದ 220ರ ಉಪಾಯ ಕೇಳಿದರೆ ಇಷ್ಟೇನಾ ಅನ್ನಿಸುತ್ತೆ: ಬೆನ್ನ ಕಾಗದ ತೆಗೆದುಬಿಡಿ. ಶುರುವಿನಲ್ಲಿ ಒಂದು ತುಂಡು, ಕೊನೆಯಲ್ಲಿ ಒಂದು ತುಂಡು, ಬೆಳಕು ತಾಗದಿರಲು ಎಷ್ಟು ಬೇಕೋ ಅಷ್ಟು. ಕಾಗದ ತಿನ್ನುತ್ತಿದ್ದ ಜಾಗ ಖಾಲಿಯಾದರೆ ಅದೇ ಸ್ಪೂಲ್‌ನಲ್ಲಿ ಎರಡರಷ್ಟು ಫಿಲ್ಮ್ ಹಿಡಿಯುತ್ತೆ.

ಆದರೆ ಕಾಗದ ಹೋಯಿತು ಅಂದರೆ ಅಂಕಿಯೂ ಹೋಯಿತು. ಕೆಂಪು ಕಿಟಕಿಯಿಂದ ಬರುವ ಬೆಳಕು ನೇರ ಫಿಲ್ಮಿಗೇ ಬೀಳುತ್ತೆ. ಹಾಗಾಗಿ ಆಗ್ಫಾ ಕ್ಲಿಕ್‌ಗೆ 220 ಹಾಕಿದರೆ ಇಡೀ ರೀಲು ಹಾಳು. ತಾನೇ ಎಣಿಸುವ ಕ್ಯಾಮೆರಾ ಬೇಕು. ಕಾಗದದ ದಪ್ಪ ಇಲ್ಲದ್ದರಿಂದ ಹಿಂದಿನ ತಗಡೂ ಕೂದಲೆಳೆಯಷ್ಟು ಮುಂದೆ ಬರಬೇಕು, ಇಲ್ಲದಿದ್ದರೆ ಫಿಲ್ಮ್ ಸಡಿಲವಾಗಿ ಫೋಕಸ್ ತಪ್ಪುತ್ತೆ. ಯಾಶಿಕಾದ ಜರುಗುವ ತಗಡು ಅದಕ್ಕೇ. ಪೆಂಟಾಕ್ಸ್ 67ರಲ್ಲೂ ಅಂಥದ್ದೇ ಏರ್ಪಾಡು. ಹ್ಯಾಸೆಲ್‌ಬ್ಲಾಡ್‌ನವರು ಹಿಂದಿನ ಡಬ್ಬಿಯನ್ನೇ ಬೇರೆ ಮಾರಿದರು, ಎ12 ಒಂದು, ಎ24 ಒಂದು.

ಮೊಬೈಲ್‌ನಲ್ಲಿ ಒಂದೇ ಮುಖವನ್ನು ನಲವತ್ತು ಸಲ ತೆಗೆಯುವ ನಮಗೆ ಹನ್ನೆರಡಕ್ಕೂ ಇಪ್ಪತ್ನಾಲ್ಕಕ್ಕೂ ಏನು ವ್ಯತ್ಯಾಸ ಅನ್ನಿಸಬಹುದು. ಫ್ಯೂಜಿಯ ದೊಡ್ಡ 6x9 ಕ್ಯಾಮೆರಾಕ್ಕೆ 120ರಲ್ಲಿ ಎಂಟೇ ಫೋಟೋ. ಅಗಲವಾದ ಪನೋರಮಾ ತೆಗೆಯುವ 6x17 ಕ್ಯಾಮೆರಾಕ್ಕೆ ನಾಲ್ಕು. ಬೆಟ್ಟದ ತುದಿಯಲ್ಲಿ ಸೂರ್ಯ ಹುಟ್ಟುವಾಗ ನಾಲ್ಕು ಫೋಟೋಕ್ಕೊಮ್ಮೆ ನಡುಗುವ ಬೆರಳಲ್ಲಿ ರೀಲು ಬದಲಿಸಬೇಕು ಅಂದರೆ! ಹೊರದೇಶದ ಮದುವೆ ಫೋಟೋಗ್ರಾಫರ್‌ಗಳೂ ಫ್ಯಾಷನ್‌ನವರೂ 220 ಇಟ್ಟುಕೊಂಡಿದ್ದೇ ಇದಕ್ಕೆ. ರೀಲಿನ ಉಳಿತಾಯ ಅವರಿಗೆ ಮುಖ್ಯ ಅಲ್ಲ. ಬಾಗಿಲು ತೆರೆದು ಕೂತಿರುವ ಆ ಒಂದು ನಿಮಿಷ ತಪ್ಪಬೇಕಿತ್ತು.

ಡಿಜಿಟಲ್ ಬಂದಾಗ ಮೊದಲು ಓಡಿದವರೂ ಈ ಮದುವೆಯವರು, ಫ್ಯಾಷನ್‌ನವರೇ. 220ಕ್ಕೆ ಗಿರಾಕಿ ಅವರೇ ಆಗಿದ್ದರಿಂದ ಅದು 120ಕ್ಕಿಂತ ಮೊದಲೇ ನೆಲ ಕಚ್ಚಿತು. ಇಂಗ್ಲೆಂಡಿನ ಇಲ್ಫರ್ಡ್ ತನ್ನ 220 ಯಂತ್ರ ಸವೆದುಹೋದಾಗ ಹೊಸದು ಹಾಕಲಿಲ್ಲ, ಲೆಕ್ಕ ಹೊಂದಲಿಲ್ಲ. ಕೊಡಾಕ್, ಫ್ಯೂಜಿ ಕೂಡ 2010ರ ದಶಕದಲ್ಲಿ ಒಂದೊಂದೇ ಬಗೆಯನ್ನು ಕೈಬಿಟ್ಟವು. ನನಗೆ ಇದರಲ್ಲಿ ಸೋಜಿಗ ಅನ್ನಿಸಿದ್ದು, ಫಿಲ್ಮ್ ಎರಡಕ್ಕೂ ಒಂದೇ. ಅದೇ ರಾಸಾಯನಿಕ ಲೇಪ, ಅದೇ ಅಗಲ. ನಿಂತುಹೋಗಿದ್ದು ಕೊನೆಯ ಹಂತ ಮಾತ್ರ: ಕತ್ತಲಲ್ಲಿ ಉದ್ದಕ್ಕೆ ಕತ್ತರಿಸಿ, ಎರಡು ತುದಿಗೂ ಕಾಗದ ಅಂಟಿಸಿ, ಸುತ್ತುವ ಒಂದು ಯಂತ್ರ. ನಮ್ಮ ಆಫೀಸಲ್ಲೂ ಹೀಗೇ. ದೊಡ್ಡ ಸಿಸ್ಟಮ್ ಚೆನ್ನಾಗೇ ಓಡುತ್ತಿರುತ್ತೆ, ಯಾರೋ ಬರೆದಿಟ್ಟು ಹೋದ ಒಂದು ಸಣ್ಣ ಸ್ಕ್ರಿಪ್ಟ್ ಕೆಟ್ಟರೆ ಎಲ್ಲ ನಿಲ್ಲುತ್ತೆ.

ಹಟ ಬಿಡದವರು ಇದ್ದರು. ಹಳೇ 220 ರೀಲಿನ ಕಾಗದದ ತುಂಡುಗಳನ್ನು ಜೋಪಾನ ಮಾಡಿ, ಅಗಲವಾದ ಫಿಲ್ಮನ್ನು ಕತ್ತಲಲ್ಲಿ ಸೀಳಿ, ಕೈಯಾರೆ ಅಂಟಿಸಿ ರೀಲು ಕಟ್ಟುತ್ತಿದ್ದರು. ಅವಧಿ ಮೀರಿದ ರೀಲುಗಳನ್ನು ಹುಡುಕಿ ಕೊಳ್ಳುವವರು ಬೇರೆ. ಆಮೇಲೆ ಚೀನಾದ ಶಾಂಘೈ ಬ್ರ್ಯಾಂಡ್‌ನವರು ತಮ್ಮ ಹಳೇ ಕಪ್ಪು-ಬಿಳುಪು ಜಿಪಿ3 ಫಿಲ್ಮನ್ನು, ಐಎಸ್‌ಒ 100ರದ್ದು, 220ರಲ್ಲಿ ಹೊಸದಾಗಿ ಮಾರಲು ಶುರುಮಾಡಿದರು. ಸತ್ತಿದೆ ಅಂತ ಎಲ್ಲರೂ ಬರೆದಿಟ್ಟಿದ್ದ ಅಳತೆ ಮತ್ತೆ ಅಂಗಡಿಗೆ ಬಂತು. ಜಗತ್ತಿನಲ್ಲಿ ಇನ್ನೂ ಎಷ್ಟೋ ಕ್ಯಾಮೆರಾಗಳ ಹಿಂದೆ ಆ 24ರ ಗುರುತು ಕಾಯುತ್ತಾ ಕೂತಿತ್ತಲ್ಲ.

ಅಗ್ಗವೇನಲ್ಲ. ನನಗೆ ಬಿದ್ದ ಬೆಲೆಯಲ್ಲಿ ಅದೇ ಕಂಪನಿಯ ಎರಡು 120 ರೀಲು ಕೊಂಡು ಚಿಲ್ಲರೆ ಉಳಿಯುತ್ತಿತ್ತು. ಸಿಂಗಪುರದಲ್ಲಿರುವ ಗೆಳೆಯನೊಬ್ಬ ರಜಕ್ಕೆ ಬರುವಾಗ ಮೂರು ರೀಲು ತಂದ. ಏರ್‌ಪೋರ್ಟ್‌ನಲ್ಲಿ ಎಕ್ಸ್‌ರೇಗೆ ಹಾಕದೆ ಕೈಯಲ್ಲೇ ನೋಡಿ ಅಂತ ಕೇಳಿಕೊಂಡನಂತೆ. "ನಿನ್ನ ಮೂರು ರೀಲಿಗೆ ಅರ್ಧ ಗಂಟೆ ನಿಂತೆ" ಅಂತ ಈಗಲೂ ಹಂಗಿಸ್ತಾನೆ.

ಇಷ್ಟೆಲ್ಲ ಯಾಕೆ ಅಂದರೆ, 2024ಕ್ಕೆ ಮಾವನಿಗೆ ಅರವತ್ತು ತುಂಬಿತು. ಷಷ್ಟಿಪೂರ್ತಿ. ಷಷ್ಟಿಪೂರ್ತಿಯಲ್ಲಿ ಮಾಂಗಲ್ಯ ಧಾರಣೆ ಮತ್ತೆ ಇರುತ್ತೆ. ಅಜ್ಜಿ ಇದ್ದಿದ್ದರೆ ಅವರೇ ಒಪ್ಪುತ್ತಿದ್ದರು: ಎರಡು ಸಲ ಕಟ್ಟೋದುಂಟು.

ನೇರ ಅವತ್ತೇ ರೀಲು ಹಾಕೋಣ ಅಂದೆ. ಅಪ್ಪ ಕನ್ನಡಕದ ಮೇಲಿಂದ ನೋಡಿದರು. "ಟೆಸ್ಟ್ ಮಾಡದ ರೀಲು ಕಾರ್ಯಕ್ರಮಕ್ಕೆ ಹಾಕ್ತಾರೇನೋ?" ನಾವು ಸಾಫ್ಟ್‌ವೇರ್‌ನವರು ಅದನ್ನೇ ಮಾಡೋದು ಅಂತ ಹೇಳಲಿಲ್ಲ. ಒಂದು ರೀಲು ಮನೆ ಹಿಂದಿನ ತೆಂಗಿನ ತೋಟಕ್ಕೆ ಖರ್ಚಾಯಿತು. ಒಳ್ಳೆಯದೇ ಆಯಿತು. ಮಧ್ಯಾಹ್ನದ ಬಿಸಿಲಲ್ಲೇ ಬಾಗಿಲು ತೆಗೆದು ರೀಲು ಹೊರಗೆ ತೆಗೆದೆ, ಸುತ್ತು ಸಡಿಲವಾಗಿತ್ತು, ಕೊನೆಯ ಎರಡು ಫೋಟೋಗಳ ಅಂಚಿಗೆ ಬೆಳಕು ನುಗ್ಗಿತ್ತು. ರಕ್ಷಣೆಗೆ ಉದ್ದಕ್ಕೂ ಕಾಗದ ಇಲ್ಲ ಅನ್ನೋದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ತೊಳೆಯುವಾಗ ಇನ್ನೊಂದು ಪಾಠ. ಪ್ಯಾಟರ್ಸನ್ ಟ್ಯಾಂಕಿನ ಸುರುಳಿಗೆ ಕತ್ತಲ ಚೀಲದೊಳಗೆ ಕೈ ಹಾಕಿ ಫಿಲ್ಮ್ ಏರಿಸಬೇಕು. 120 ಆದರೆ ಸಲೀಸು. ಇದು ಏರುತ್ತಾ ಏರುತ್ತಾ ಮುಗಿಯುವುದೇ ಇಲ್ಲ. ಕೈ ಬೆವರಿ ಅರ್ಧಕ್ಕೆ ಸಿಕ್ಕಿಕೊಂಡಿತು. ಅಪ್ಪ ಪಕ್ಕದಲ್ಲಿ ಕೂತು "ಎಳೀಬೇಡ, ಉಸಿರು ಬಿಡು, ಸ್ವಲ್ಪ ಹಿಂದಕ್ಕೆ ತಗೋ" ಅಂತ ಹೇಳಿಕೊಟ್ಟರು. ಚಿಕ್ಕವನಿದ್ದಾಗ ಸೈಕಲ್ ಕಲಿಸಿದ ದನಿ ಅದೇ.

ಕಾರ್ಯಕ್ರಮದ ದಿನ ಛತ್ರದಲ್ಲಿ ನಾಲ್ಕು ಜನ ಡಿಜಿಟಲ್ ಹುಡುಗರು, ಒಂದು ಡ್ರೋನ್, ಎರಡು ಎಲ್‌ಇಡಿ ದೀಪ. ನಡುವೆ ಪಂಚೆ ಉಟ್ಟ ನಮ್ಮಪ್ಪ, ಕೊರಳಲ್ಲಿ ಯಾಶಿಕಾ. ಎರಡು ಕಣ್ಣಿಗೂ ಪೊರೆ ಆಪರೇಷನ್ ಆಗಿದೆ, ಬೆರಳು ಸಣ್ಣಗೆ ನಡುಗುತ್ತೆ. ಬೆಳಕಿನ ಮೀಟರಿಗೆ ಬ್ಯಾಟರಿ ಸಿಗಲ್ಲ, ಹಾಗಾಗಿ ನನ್ನ ಫ್ಲ್ಯಾಶ್ ಜೋಡಿಸಿ, ಮನೆಯಲ್ಲೇ ಲೆಕ್ಕ ಹಾಕಿ ಕೊಟ್ಟಿದ್ದೆ. ತಗಡನ್ನು 24ಕ್ಕೆ ಜರುಗಿಸಿದ್ದನ್ನು ಬಾಗಿಲು ಮುಚ್ಚುವ ಮೊದಲು ಮೂರು ಸಲ ನೋಡಿದ್ದೆ. ಡಿಜಿಟಲ್ ಹುಡುಗನೊಬ್ಬ ಬಂದು "ಅಂಕಲ್, ಇದು ಈಗಲೂ ವರ್ಕ್ ಆಗುತ್ತಾ?" ಅಂದ. ಅಪ್ಪ ಅವನದೂ ಒಂದು ಫೋಟೋ ತೆಗೆದರು. ನನಗೆ ಹೊಟ್ಟೆ ಉರಿಯಿತು, ಒಂದು ಫ್ರೇಮ್ ಹೋಯಿತಲ್ಲ ಅಂತ.

ಕಲಶಪೂಜೆ, ಹೋಮ, ಹಾರ. ಅಪ್ಪ ನಿಧಾನವಾಗಿ ತೆಗೆಯುತ್ತಾ ಹೋದರು. ನಾನು ಪಕ್ಕದಲ್ಲಿ ನಿಂತು ಮನಸ್ಸಲ್ಲೇ ಎಣಿಸುತ್ತಿದ್ದೆ. ಹತ್ತು. ಹನ್ನೊಂದು. ಹನ್ನೆರಡು. ಹನ್ನೆರಡಾದ ಕೂಡಲೇ ಅಪ್ಪ ಕ್ಯಾಮೆರಾ ಇಳಿಸಿ ಎರಡು ಹೆಜ್ಜೆ ಹಿಂದೆ ಸರಿದು ಶರ್ಟಿನ ಜೇಬಿಗೆ ಕೈ ಹಾಕಿದರು. ಜೇಬಲ್ಲಿ ಏನೂ ಇರಲಿಲ್ಲ. ಅತ್ತ ಪುರೋಹಿತರು ತಾಳಿ ಇದ್ದ ತಟ್ಟೆ ಎತ್ತಿ ಮುಟ್ಟಿಸಿಕೊಳ್ಳಲು ಕಳಿಸಿದ್ದರು, ಅದು ವಾಪಸು ಬರುತ್ತಿತ್ತು.

"ಅಪ್ಪಾ, ಇನ್ನೂ ಹನ್ನೆರಡಿದೆ" ಅಂದೆ.

ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಕ್ರ್ಯಾಂಕ್ ತಿರುಗಿಸಿದರು. ಅದು ಹದಿಮೂರಕ್ಕೆ ಹೋಗಿ ಟಕ್ ಅಂತ ನಿಂತ ಸದ್ದು ನನಗೆ ಕೇಳಿಸಿತು ಅಂದುಕೊಂಡಿದ್ದೀನಿ, ಆದರೆ ಅಷ್ಟರಲ್ಲಿ ಗಟ್ಟಿಮೇಳ ಶುರುವಾಗಿತ್ತು, ಕೇಳಿಸಿರಲಿಕ್ಕಿಲ್ಲ.

ಆ ರಾತ್ರಿಯೇ ತೊಳೆದೆವು. ಎರಡು ರೀಲಿನಷ್ಟು ಫಿಲ್ಮ್ ಅಂತ ಡೆವಲಪರ್ ಧಾರಾಳವಾಗಿ ಹಾಕಿದೆ. ಬಚ್ಚಲುಮನೆಯ ಬಟ್ಟೆ ಹಗ್ಗಕ್ಕೆ ತೂಗುಹಾಕಿದರೆ ನೆಲ ಮುಟ್ಟಿತು, ನಡುವೆ ಮಡಚಿ ಎರಡು ಕ್ಲಿಪ್ ಹಾಕಬೇಕಾಯಿತು. ಅಪ್ಪ ಬಲ್ಬಿನ ಎದುರು ನೆಗೆಟಿವ್ ಹಿಡಿದು ಒಂದೊಂದೇ ನೋಡುತ್ತಾ ಬಂದರು. ಹದಿಮೂರರಲ್ಲಿ ಪುರೋಹಿತರ ಭುಜ ಅರ್ಧ ಅಡ್ಡ ಬಂದಿದೆ. ಹದಿನಾಲ್ಕರಲ್ಲಿ ಮಾವ ಬಗ್ಗಿ ಗಂಟು ಹಾಕುತ್ತಿದ್ದಾರೆ. ಫೋಕಸ್ ಗಂಟಿನ ಮೇಲಿಲ್ಲ, ಮಾವನ ಕಿವಿಯ ಮೇಲಿದೆ. ಅತ್ತೆ ತಲೆ ತಗ್ಗಿಸಿ ಕೂರಬೇಕಾದ ಹೊತ್ತಲ್ಲಿ ತಲೆ ಎತ್ತಿ ನೇರ ಅಪ್ಪನ ಕಡೆ ನೋಡಿ ನಗುತ್ತಿದ್ದಾರೆ.

ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅತ್ತೆ ಮನೆಗೆ ಹೋದೆವು. ಡಿಜಿಟಲ್ ಹುಡುಗರ ಸಾವಿರಾರು ಫೋಟೋ ಪೆನ್‌ಡ್ರೈವ್‌ನಲ್ಲಿ ಬಂದು ಶೋಕೇಸಿನಲ್ಲಿ ಕೂತಿತ್ತು. ಅತ್ತೆ ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಮೂವತ್ನಾಲ್ಕು ವರ್ಷ ಆದಮೇಲೆ ತೆಗೆದೆ ಅಣ್ಣಾ. ಅದೂ ಕಲರ್ ಇಲ್ಲ."

"ಆ ರೀಲಲ್ಲಿ ಕಲರ್ ಬರಲ್ಲ ಕಣೇ" ಅಂದರು ಅಪ್ಪ.

"ರೀಲು ಬಿಡಬೇಡ" ಅಂತ ಹೇಳುತ್ತಲೇ ಅತ್ತೆ ಹಳೇ ಆಲ್ಬಮ್ ತರಲು ಒಳಗೆ ಹೋದರು.

ಮೂರನೇ ರೀಲು ನಮ್ಮ ಫ್ರಿಡ್ಜ್‌ನಲ್ಲಿ ಬೆಣ್ಣೆ ಡಬ್ಬಿಯ ಪಕ್ಕದಲ್ಲಿದೆ. ಅಮ್ಮ ವಾರಕ್ಕೊಮ್ಮೆ ಕೇಳ್ತಾರೆ, ಇದನ್ನ ಯಾವಾಗ ತೆಗೀತೀರಾ ಅಂತ.