ಸಾರಿನ ರುಚಿ ಮೂಳೆಯಲ್ಲೇ ಇದೆ!

ತಿಂಗಳ ಕೊನೆಯ ಭಾನುವಾರ ಒಂದು ಕೆ.ಜಿ. ಮಟನ್ ತರೋಣ ಅಂತ ಹೊರಟವರು ಅಂಗಡಿ ಮುಂದೆ ನಿಂತಾಗ ಅರ್ಧ ಕೆ.ಜಿ.ಗೆ ಇಳಿಯೋದು ಮಾಮೂಲು. ಅದರಲ್ಲೂ ‘ಮೂಳೆ ಕಡಿಮೆ ಹಾಕಪ್ಪಾ’ ಅಂತ ಒಂದು ಮಾತು ಸೇರಿಸ್ತೀವಿ. ಫ್ರೈ ಮಾಡೋದಾದ್ರೆ ಅದು ಸರಿ. ಆದರೆ ಮುದ್ದೆಗೋ ಅನ್ನಕ್ಕೋ ಸಾರು ಮಾಡುವುದಾದರೆ ಬೇಕಾಗಿರುವುದೇ ಆ ಮೂಳೆ!

ಕಾಲು, ಕತ್ತು, ಎದೆ ಮೂಳೆಯ ಭಾಗಗಳು ಕುರಿ, ಮೇಕೆ ಓಡಾಡುವಾಗ, ಮೇಯುವಾಗ ಸದಾ ದುಡಿಯುವಂಥವು. ಹಾಗಾಗಿ ಇವು ಬೇಗ ಬೇಯೋಲ್ಲ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಆದರೆ ಇವುಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನ್ ಸಣ್ಣ ಉರಿಯಲ್ಲಿ ನಿಧಾನವಾಗಿ ಬೆಂದಾಗ ಜೆಲಾಟಿನ್ ಆಗಿ ಕರಗಿ ಸಾರಿಗೆ ಮಂದ, ರುಚಿ ಎರಡನ್ನೂ ಕೊಡುತ್ತದೆ. ಫ್ರಿಜ್‌ನಲ್ಲಿಟ್ಟ ಕಾಲು ಸಾರು ಮರುದಿನ ಜೆಲ್ಲಿಯಂತೆ ಗಟ್ಟಿಯಾಗೋದು ಇದರಿಂದಲೇ. ಹಣ ಕಡಿಮೆ ಸಾಕು, ಸಮಯ ಸ್ವಲ್ಪ ಜಾಸ್ತಿ ಬೇಕು, ಅಷ್ಟೆ.

ಕಾಲು ಸಾರು

ನಾಲ್ಕು ಕಾಲುಗಳನ್ನು ಅಂಗಡಿಯಲ್ಲೇ ಸುಡಿಸಿ, ಕತ್ತರಿಸಿಕೊಂಡು ತನ್ನಿ. ಅರಿಶಿನ ಹಚ್ಚಿ, ಬಿಸಿ ನೀರಿನಲ್ಲಿ ಚಾಕುವಿನಿಂದ ಕೆರೆದು ಚೆನ್ನಾಗಿ ತೊಳೆಯಿರಿ. ಕುಕ್ಕರಿಗೆ ಹಾಕಿ ಆರು ಲೋಟ ನೀರು, ಉಪ್ಪು, ಅರಿಶಿನ, ಜಜ್ಜಿದ ಶುಂಠಿ, ಬೆಳ್ಳುಳ್ಳಿ ಸೇರಿಸಿ. ಒಂದು ವಿಷಲ್ ಬಂದ ಮೇಲೆ ಉರಿ ತೀರಾ ಸಣ್ಣದು ಮಾಡಿ 45 ನಿಮಿಷ ಬಿಡಿ. ವಿಷಲ್ ಎಣಿಸುತ್ತಾ ದೊಡ್ಡ ಉರಿಯಲ್ಲಿಟ್ಟರೆ ಗ್ಯಾಸೂ ಖರ್ಚು, ನೀರೂ ಖಾಲಿ.

ಎರಡು ಚಮಚ ಧನಿಯ, ಒಂದು ಚಮಚ ಮೆಣಸು, ಅರ್ಧ ಚಮಚ ಜೀರಿಗೆ, ನಾಲ್ಕು ಒಣಮೆಣಸಿನಕಾಯಿ, ಚೂರು ಚಕ್ಕೆ, ಎರಡು ಲವಂಗ ಹುರಿದು, ಅರ್ಧ ಬಟ್ಟಲು ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ. ಬಾಣಲೆಯಲ್ಲಿ ಈರುಳ್ಳಿ, ಟೊಮೆಟೊ ಬಾಡಿಸಿ, ಮಸಾಲೆ ಹಾಕಿ ಎಣ್ಣೆ ಬಿಡುವವರೆಗೆ ಹುರಿಯಿರಿ. ಇದನ್ನು ಬೆಂದ ಕಾಲಿಗೆ ಸೇರಿಸಿ ಕಾಲು ಗಂಟೆ ಕುದಿಸಿದರೆ ಸಾರು ರೆಡಿ. ರಾಗಿ ಮುದ್ದೆ, ಅಕ್ಕಿ ರೊಟ್ಟಿ, ಇಡ್ಲಿ ಯಾವುದಕ್ಕೂ ಸೈ.

ಅರ್ಧ ಕೆ.ಜಿ.ಯಲ್ಲಿ ಐದು ಜನಕ್ಕೆ

ಕತ್ತು, ಎದೆ ಮೂಳೆ ಕಲೆಸಿ ಅರ್ಧ ಕೆ.ಜಿ. ತಂದು ಮುಕ್ಕಾಲು ಪಾಲು ಬೇಯಿಸಿಕೊಳ್ಳಿ. ಅವರೆ ಸೀಸನ್‌ನಲ್ಲಿ ಎರಡು ಬಟ್ಟಲು ಹಸಿ ಅವರೆಕಾಳು ಹಾಕಿ. ಉಳಿದ ದಿನಗಳಲ್ಲಿ ರಾತ್ರಿ ನೆನೆಸಿದ ಕಡಲೆಕಾಳು, ಆಲೂಗಡ್ಡೆ ಅಥವಾ ಮೆಂತ್ಯ ಸೊಪ್ಪು ಆಗುತ್ತೆ. ಕಾಳು ಮೆತ್ತಗಾದ ಮೇಲೆಯೇ ಟೊಮೆಟೊ, ಹುಣಸೆಹುಳಿ ಹಾಕಿ. ಹುಳಿ ಮೊದಲೇ ಬಿದ್ದರೆ ಕಾಳು ಬೇಯೋದು ತಡ.

ಇದೂ ತಿಳಿದಿರಲಿ

* ಕಾಲು ಸೂಪ್ ಕುಡಿದರೆ ಮುರಿದ ಮೂಳೆ ಬೇಗ ಕೂಡುತ್ತೆ ಅಂತ ಹಿರಿಯರು ಹೇಳ್ತಾರೆ. ಸೂಪ್‌ಗೆ ಇಳಿಯುವ ಕ್ಯಾಲ್ಸಿಯಂ ಬಹಳ ಕಡಿಮೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಸಾರಿನ ಜೊತೆ ಮುದ್ದೆ ಇರಲಿ, ಹಾಲು ಬಿಡಬೇಡಿ.
* ಮೇಲೆ ತೇಲುವ ಕೊಬ್ಬನ್ನು, ಸಾರು ತಣ್ಣಗಾಗಿ ಗಟ್ಟಿಯಾದಾಗ ಚಮಚದಿಂದ ತೆಗೆದುಬಿಡಿ. ಕೊಲೆಸ್ಟ್ರಾಲ್ ಇರುವವರಿಗೆ ಇದು ಮುಖ್ಯ. ಯೂರಿಕ್ ಆಸಿಡ್ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಮಟನ್ ಸಾರು ತಿನ್ನಲಿ.
* ಉಳಿದ ಸಾರನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮರುದಿನ ಬೇಕಾದಷ್ಟನ್ನೇ ತೆಗೆದು ಚೆನ್ನಾಗಿ ಕುದಿಸಿ.

ಇನ್ನೊಂದು ಮಾತು. ಮಟನ್ ಮಾಡಿದ ದಿನ ಯಜಮಾನರಿಗೆ, ಮಕ್ಕಳಿಗೆ ತುಂಡು ಆರಿಸಿ ಬಡಿಸಿ, ನಾವು ಮಾತ್ರ ತಳದ ಸಾರಿನಲ್ಲಿ ಅನ್ನ ಕಲೆಸಿಕೊಳ್ಳೋದು ಎಷ್ಟು ಮನೆಗಳಲ್ಲಿ ನಡೆದಿಲ್ಲ? ಕಾಳು, ಮೂಳೆ ಸೇರಿ ಪಾತ್ರೆ ತುಂಬಿದ ದಿನವಾದರೂ ಎಲ್ಲರ ಜೊತೆ ಕೂತು ಊಟ ಮಾಡಿ. ಬಡಿಸುವವರ ತಟ್ಟೆಗೂ ಎರಡು ತುಂಡು ಬೀಳಲಿ!