ಕಟ್ಟಿದ ದೋಣಿಗೆ ಕತ್ತದ ದಿಂಬು

ಬಯಲುಸೀಮೆಯ ರೈತನಿಗೆ ಎತ್ತಿನ ಗಾಡಿ ಹೇಗೋ, ಕರಾವಳಿಯ ಕುದ್ರುಗಳಲ್ಲಿ ಬೇಸಾಯ ಮಾಡುವವರಿಗೆ ದೋಣಿ ಹಾಗೆ. ಕುಂದಾಪುರದ ಪಂಚಗಂಗಾವಳಿಯಲ್ಲಾಗಲಿ, ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಾಗಲಿ, ನೇತ್ರಾವತಿಯ ಕುದ್ರುಗಳಲ್ಲಾಗಲಿ, ಗೊಬ್ಬರದ ಚೀಲ, ಬಿತ್ತನೆ ಬೀಜ, ತೆಂಗಿನಕಾಯಿ, ಹುಲ್ಲಿನ ಹೊರೆಗಳನ್ನು ದೋಣಿಯಲ್ಲಿ ಸಾಗಿಸುವ ಒಕ್ಕಲುಗಳು ಇನ್ನೂ ಇವೆ. ಗಾಡಿಯ ಅಚ್ಚಿಗೆ ಎಣ್ಣೆ ಹಾಕುವುದನ್ನು ಯಾರೂ ಮರೆಯುವುದಿಲ್ಲ. ಆದರೆ ಕಡವಿನಲ್ಲಿ ಕಟ್ಟಿಬಿಟ್ಟ ದೋಣಿಯ ಕಡೆಗೆ ನಮ್ಮ ಗಮನ ಹೋಗುವುದು ಕಡಿಮೆ.

ಇಂಥ ದೋಣಿ ದಿನಕ್ಕೆ ಒಂದೆರಡು ಗಂಟೆ ಓಡಿದರೆ ಹೆಚ್ಚು. ಉಳಿದ ಹೊತ್ತೆಲ್ಲ ಅದು ಕಟ್ಟೆಯ ಪಕ್ಕದಲ್ಲಿ ಉಜ್ಜಿಕೊಳ್ಳುತ್ತಾ ನಿಂತಿರುತ್ತದೆ. ನಮ್ಮ ಕಡೆ ಕಡವಿನ ಕಟ್ಟೆ, ಮೆಟ್ಟಿಲುಗಳನ್ನು ಹೆಚ್ಚಾಗಿ ಮುರಕಲ್ಲಿನಿಂದ ಕಟ್ಟಿರುತ್ತಾರೆ. ಒದ್ದೆಯಾದ ಮುರಕಲ್ಲು ಬಡಗಿಯ ಅರದಂತೆಯೇ ಕೆಲಸ ಮಾಡುತ್ತದೆ. ಮೀನುಗಾರರ ಯಾಂತ್ರಿಕ ದೋಣಿಯೊಂದು ಹೊಳೆಯಲ್ಲಿ ಹಾದುಹೋದರೆ ಸಾಕು, ಅದರ ಅಲೆಗೆ ನಿಮ್ಮ ದೋಣಿ ಹತ್ತಾರು ಬಾರಿ ಕಲ್ಲಿಗೆ ಬಡಿಯುತ್ತದೆ.

ಮರದ ದೋಣಿಯ ಬಣ್ಣ, ಎಣ್ಣೆ ಕಿತ್ತು ಹೋದರೆ ಅಂದ ಕೆಡುವುದಷ್ಟೇ ಅಲ್ಲ. ಉಪ್ಪುನೀರಿನಲ್ಲಿ ಮರ ಕೊರೆಯುವ ಜೀವಿಯೊಂದಿದೆ. ನೋಡಲು ಹುಳುವಿನಂತಿದ್ದರೂ ಇದು ಚಿಪ್ಪುಮೀನಿನ ಜಾತಿಯದು. ಇದರ ಮರಿಗಳು ಬರಿಯ ಮರ ಕಂಡಲ್ಲಿ ಗುಂಡುಸೂಜಿಯ ಮೊನೆಯಷ್ಟು ರಂಧ್ರ ಮಾಡಿ ಒಳಸೇರುತ್ತವೆ; ಆಮೇಲೆ ಒಳಗೇ ಬೆಳೆದು ಬೆರಳು ಗಾತ್ರದ ಸುರಂಗ ಕೊರೆಯಬಲ್ಲವು. ಹೊರಗಿನಿಂದ ಹಲಗೆ ಗಟ್ಟಿಯಾಗಿಯೇ ಕಾಣುತ್ತದೆ. ಮಳೆಗಾಲದಲ್ಲಿ ನೀರು ಸಿಹಿಯಾದಾಗ ಇದರ ಹಾವಳಿ ತಗ್ಗುತ್ತದೆ, ಬೇಸಗೆಯಲ್ಲಿ ಹೆಚ್ಚು. ಫೈಬರ್ ದೋಣಿಗೆ ಈ ಹುಳುವಿನ ಭಯವಿಲ್ಲ. ಆದರೆ ಮೇಲಿನ ನುಣುಪು ಪದರ ಸವೆದರೆ ನೀರು ಒಳಗಿನ ಗಾಜುನಾರಿನ ಪದರಗಳಿಗೆ ಇಳಿಯುತ್ತದೆ. ಎರಡಕ್ಕೂ ಕಲ್ಲು ತಾಕದಂತೆ ನೋಡಿಕೊಳ್ಳುವುದೇ ಮೊದಲ ಉಪಾಯ.

ದಿಂಬು ಮಾಡುವ ಕ್ರಮ

ದೋಣಿಗೂ ಕಟ್ಟೆಗೂ ನಡುವೆ ತೂಗುಬಿಡುವ ಮೆತ್ತೆಗೆ ಬಂದರಿನವರು ಫೆಂಡರ್ ಎನ್ನುತ್ತಾರೆ. ನಾವು ದಿಂಬು ಎನ್ನೋಣ. ಇದನ್ನು ಪೇಟೆಯಿಂದ ತರಬೇಕಾಗಿಲ್ಲ. ತೆಂಗಿನ ತೋಟವಿರುವವರ ಮನೆಯಲ್ಲಿ ಕತ್ತಕ್ಕೆ ಬರವಿಲ್ಲ. ಕತ್ತವು ಉಪ್ಪುನೀರಿಗೆ ಸುಲಭವಾಗಿ ಕೊಳೆಯುವುದಿಲ್ಲ, ಅದುಮಿದರೆ ಮತ್ತೆ ಉಬ್ಬುತ್ತದೆ. ನಮಗೆ ಬೇಕಾದ ಗುಣಗಳು ಇವೆರಡೇ.

ಇಪ್ಪತ್ತು ಅಡಿ ಉದ್ದದ ದೋಣಿಗೆ ಎರಡರಿಂದ ಎರಡೂವರೆ ಅಡಿ ಉದ್ದ, ಆರೇಳು ಅಂಗುಲ ದಪ್ಪದ ದಿಂಬು ಸಾಕು. ಮೊದಲು ಹೆಬ್ಬೆರಳು ದಪ್ಪದ ಹಗ್ಗವನ್ನು ಇಮ್ಮಡಿ ಮಡಿಸಿ, ಮೇಲ್ತುದಿಯಲ್ಲಿ ಒಂದು ಕುಣಿಕೆ, ಕೆಳತುದಿಯಲ್ಲಿ ಒಂದು ಕುಣಿಕೆ ಬರುವಂತೆ ಗಂಟು ಹಾಕಿ. ಇದು ದಿಂಬಿನ ಬೆನ್ನೆಲುಬು. ಭಾರವೆಲ್ಲ ಇದರ ಮೇಲೆಯೇ ಬೀಳಬೇಕು. ತೂಗುವ ಹಗ್ಗವನ್ನು ಹೊರಗಿನ ಗೋಣಿಗೆ ಹೊಲಿದು ಬಿಟ್ಟರೆ ಮೊದಲ ಗಾಳಿಗೇ ಗೋಣಿ ಹರಿದು ದಿಂಬು ಹೊಳೆಯ ಪಾಲಾಗುತ್ತದೆ. ಬೆನ್ನೆಲುಬಿನ ಸುತ್ತ ಬಡಿದು ಬಿಡಿಸಿದ ಕತ್ತವನ್ನೋ, ಸವೆದು ಬಿಸಾಡಿದ ಹಳೆಯ ಹಗ್ಗದ ತುಂಡುಗಳನ್ನೋ ಉದ್ದುದ್ದವಾಗಿ ಜೋಡಿಸಿ. ಎರಡು ಮೂರು ಪದರಕ್ಕೊಮ್ಮೆ ಸಣ್ಣ ಹುರಿಯಿಂದ ಬಿಗಿಯಾಗಿ ಸುತ್ತುತ್ತಾ ಹೋಗಿ. ಐದು ಅಂಗುಲ ದಪ್ಪವಾದ ಮೇಲೆ ಗೋಣಿತಟ್ಟು ಸುತ್ತಿ ದಬ್ಬಣದಿಂದ ಹೊಲಿಯಿರಿ. ಕೊನೆಗೆ ಕಿರುಬೆರಳು ದಪ್ಪದ ಕತ್ತದ ಹಗ್ಗವನ್ನು ಸುತ್ತಿಗೆ ಸುತ್ತು ತಾಗುವಂತೆ ಮೇಲಿನಿಂದ ಕೆಳಗಿನವರೆಗೆ ಸುತ್ತಬೇಕು. ಸವೆಯುವುದು ಈ ಹೊರಸುತ್ತು ಮಾತ್ರ. ವರುಷಕ್ಕೊಮ್ಮೆ ಅದನ್ನು ಬದಲಾಯಿಸಿದರೆ ಒಳಗಿನದು ಬಹಳ ಕಾಲ ಬಾಳುತ್ತದೆ.

ಬಿಗಿತ ಎಷ್ಟಿರಬೇಕು? ಎರಡು ಕೈಯಿಂದ ಅದುಮಿದರೆ ಸ್ವಲ್ಪ ತಗ್ಗಬೇಕು, ಕೈಬಿಟ್ಟರೆ ಏಳಬೇಕು. ಕಲ್ಲಿನಂತೆ ಬಿಗಿದರೆ ಪೆಟ್ಟನ್ನು ನೇರವಾಗಿ ಹಲಗೆಗೇ ದಾಟಿಸುತ್ತದೆ. ಹಳೆಯ ಬಟ್ಟೆ ತುಂಬಿದವರುಂಟು; ಅದು ನೀರು ಕುಡಿದು ಕೊಳೆಯುತ್ತದೆ. ಥರ್ಮೊಕೋಲ್ ಪುಡಿಯಾಗಿ ಹೊಳೆಯಲ್ಲಿ ಹರಡುತ್ತದೆ, ಅದನ್ನು ಬಳಸಬೇಡಿ. ಅಡುಗೆ ಎಣ್ಣೆಯ ಐದು ಲೀಟರ್ ಕ್ಯಾನುಗಳನ್ನು ಮುಚ್ಚಳ ಬಿಗಿದು ಹಳೆಯ ಬಲೆಯ ಚೀಲದಲ್ಲಿ ಹಾಕಿ ತೂಗುಬಿಟ್ಟರೆ ಸಣ್ಣ ದೋಣಿಗೆ ತಾತ್ಕಾಲಿಕವಾಗಿ ನಡೆದೀತು. ಆದರೆ ಕೀಟನಾಶಕದ ಖಾಲಿ ಡಬ್ಬಿಗಳನ್ನು ಯಾವ ಕಾರಣಕ್ಕೂ ಹೀಗೆ ನೀರಿಗೆ ತೂಗುಬಿಡಕೂಡದು. ಎಷ್ಟು ತೊಳೆದರೂ ಸಂದಿಯಲ್ಲಿ ವಿಷ ಉಳಿದಿರುತ್ತದೆ, ಅದೇ ನೀರಿನಲ್ಲಿ ಮೀನೂ ಇದೆ, ಮಕ್ಕಳೂ ಈಜುತ್ತಾರೆ.

ಕಟ್ಟೆಯ ಕಡೆಯ ಬದಿಗೆ ಮೂರು ದಿಂಬು ಬೇಕು. ದೋಣಿ ಅತಿ ಅಗಲವಾಗಿರುವಲ್ಲಿ ಒಂದು, ಮುಂದೆ ಮತ್ತು ಹಿಂದೆ ಬಾಗು ತೊಡಗುವಲ್ಲಿ ಒಂದೊಂದು. ಕತ್ತ ನೀರು ಕುಡಿದು ಭಾರವಾಗುವುದರಿಂದ ದೋಣಿ ಬಿಡುವಾಗ ಅವನ್ನು ಒಳಗೆ ಎಳೆದುಕೊಳ್ಳಿ.

ಕಟ್ಟೆಯ ಬದಲು ಬರಿಯ ಕಂಬಗಳಿದ್ದಲ್ಲಿ ಇನ್ನೊಂದು ತೊಡಕು. ನೇತಾಡುವ ದಿಂಬು ಕಂಬದಿಂದ ಆಚೀಚೆ ಜಾರಿ, ಬರಿಯ ಹಲಗೆಯೇ ಕಂಬಕ್ಕೆ ತಾಗುತ್ತದೆ. ಆಗ ಎರಡು ದಿಂಬುಗಳ ಹೊರಮೈಗೆ ಅಡ್ಡಲಾಗಿ ಐದಾರು ಅಡಿ ಉದ್ದದ ಅಡಿಕೆ ದಬ್ಬೆಯೊಂದನ್ನು ತೂಗುಬಿಡಿ. ಕಂಬ ದಬ್ಬೆಗೆ ತಾಗುತ್ತದೆ, ದಬ್ಬೆ ದಿಂಬುಗಳಿಗೆ ಒತ್ತುತ್ತದೆ. ದಬ್ಬೆ ಬೇಗ ಹಾಳಾಗುವುದು ನಿಜ. ಆದರೆ ತೋಟದಲ್ಲೇ ಸಿಗುವ ವಸ್ತು, ಬದಲಾಯಿಸಿದರಾಯಿತು.

ಟಯರುಗಳ ವಿಚಾರ

ಹಳೆಯ ಸ್ಕೂಟರ್ ಟಯರು ದೋಣಿಗಿಂತ ಕಟ್ಟೆಗೇ ಹೆಚ್ಚು ಒಪ್ಪುತ್ತದೆ. ದೋಣಿ ಏರಿಳಿಯುವುದರಿಂದ ಒಂದೇ ಟಯರು ಸಾಲದು. ಉಬ್ಬರದ ಮಟ್ಟದಿಂದ ಇಳಿತದ ಮಟ್ಟದವರೆಗೆ ಒಂದರ ಕೆಳಗೊಂದು ಕಟ್ಟಬೇಕು. ಲಾರಿ, ಕಾರುಗಳ ರೇಡಿಯಲ್ ಟಯರಿನೊಳಗೆ ಉಕ್ಕಿನ ತಂತಿ ಇರುತ್ತದೆ. ಅದನ್ನು ಕತ್ತರಿಸಿ ಬಳಸಿದರೆ ತಂತಿ ಹೊರಬಂದು ದೋಣಿಯನ್ನೂ ಕೈಯನ್ನೂ ಗೀರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಟಯರಿನ ಕೆಳಭಾಗದಲ್ಲಿ ಒಂದಂಗುಲದ ಎರಡು ಮೂರು ತೂತು ಕೊರೆಯಿರಿ. ಇಲ್ಲವಾದರೆ ಮಳೆನೀರು ನಿಂತು ಡೆಂಗಿ ಜ್ವರ ಹರಡುವ ಸೊಳ್ಳೆಗೆ ನೀವೇ ತೊಟ್ಟಿಲು ಕಟ್ಟಿಕೊಟ್ಟಂತೆ. ಈ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿತು ಹಾರಲು ಬೆಚ್ಚನೆಯ ದಿನಗಳಲ್ಲಿ ಸುಮಾರು ಎಂಟು ಹತ್ತು ದಿನ ಸಾಕು.

ಹಗ್ಗ ಎಷ್ಟು ಸಡಿಲ ಬಿಡಬೇಕು?

ದಿಂಬು ಎಷ್ಟೇ ಚೆನ್ನಾಗಿದ್ದರೂ ಹಗ್ಗ ತಪ್ಪಿದರೆ ಫಲವಿಲ್ಲ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ಒಂದು ಕುದ್ರುವಿನಲ್ಲಿ ಉಪ್ಪು ತಾಳುವ ಭತ್ತದ ತಾಕುಗಳನ್ನು ಹಾಕಿದ್ದೆವು. ಮೇಲುಗೊಬ್ಬರಕ್ಕೆಂದು ಎರಡು ಚೀಲ ಯೂರಿಯಾ ತಂದ ದೋಣಿಯನ್ನು ಉಬ್ಬರದ ಹೊತ್ತಿನಲ್ಲಿ ಕಟ್ಟೆಗೆ ಗಿಡ್ಡವಾಗಿ, ಬಿಗಿಯಾಗಿ ಕಟ್ಟಿ ಗದ್ದೆಗೆ ಹೋದೆವು. ಕಟ್ಟಿದವನು ನಾನೇ. ಮರಳಿ ಬರುವಷ್ಟರಲ್ಲಿ ನೀರು ಇಳಿದಿತ್ತು. ದೋಣಿ ಒಂದು ಬದಿಗೆ ಹಗ್ಗದಲ್ಲಿ ತೂಗಿಕೊಂಡಿತ್ತು, ಇನ್ನೊಂದು ಬದಿಯಿಂದ ನೀರು ನುಗ್ಗಿತ್ತು. ಯೂರಿಯಾ ಕರಗಲು ಎಷ್ಟು ಹೊತ್ತು ಬೇಕು? ಆ ವರ್ಷ ಮೇಲುಗೊಬ್ಬರ ಒಂದು ವಾರ ತಡವಾಯಿತು.

ಉಬ್ಬರದಿಂದ ಇಳಿತಕ್ಕೆ ಆರು ಗಂಟೆಗಿಂತ ತುಸು ಹೆಚ್ಚು ಹೊತ್ತು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಮಂಗಳೂರಿನ ಕಡೆ ನೀರು ಸುಮಾರು ನಾಲ್ಕು ಅಡಿ ಏರಿಳಿಯುತ್ತದೆ. ಕಾರವಾರದ ಕಡೆ ಅದಕ್ಕಿಂತ ಹೆಚ್ಚು. ನಾಲ್ಕು ಅಡಿಯ ಲೆಕ್ಕವನ್ನೇ ಹಿಡಿಯೋಣ. ಉಬ್ಬರದಲ್ಲಿ ಹಗ್ಗ ನೆಲಮಟ್ಟವಾಗಿ ಚಾಚಿದೆ, ಗೂಟ ನಾಲ್ಕು ಅಡಿ ದೂರದಲ್ಲಿದೆ ಎನ್ನಿ. ದೋಣಿ ನಾಲ್ಕು ಅಡಿ ಇಳಿದಾಗ ಹಗ್ಗಕ್ಕೆ ಸುಮಾರು ಇಪ್ಪತ್ತು ಅಂಗುಲ ಹೆಚ್ಚು ಉದ್ದ ಬೇಕಾಗುತ್ತದೆ. ಗೂಟ ಹನ್ನೆರಡು ಅಡಿ ದೂರದಲ್ಲಿದ್ದರೆ? ಎಂಟೇ ಅಂಗುಲ ಸಾಕು. ಅಂದರೆ ಹಗ್ಗ ಗಿಡ್ಡವಾದಷ್ಟೂ ಹೆಚ್ಚು ಸಡಿಲ ಬಿಡಬೇಕು, ಹೆಚ್ಚು ಸಡಿಲ ಬಿಟ್ಟಷ್ಟೂ ಉಬ್ಬರದಲ್ಲಿ ದೋಣಿ ಅಲೆದಾಡಿ ದಿಂಬು ಜಾರುತ್ತದೆ. ಆದ್ದರಿಂದ ಮುಂತುದಿಯ ಹಗ್ಗವನ್ನು ಮುಂದಕ್ಕೆ, ಹಿಂತುದಿಯ ಹಗ್ಗವನ್ನು ಹಿಂದಕ್ಕೆ ದೂರ ಚಾಚಿ, ದೂರದ ಗೂಟಗಳಿಗೇ ಕಟ್ಟಿ.

ಗೂಟ ನೆಡಲು ಜಾಗವಿಲ್ಲದಿದ್ದರೆ ನೀರಿನಲ್ಲಿ ನೆಟ್ಟ ಕಂಬಕ್ಕೆ ಸೈಕಲ್ ಟಯರಿನ ಬಳೆಯೊಂದನ್ನು ಸಡಿಲವಾಗಿ ತೊಡಿಸಿ, ಹಗ್ಗವನ್ನು ಆ ಬಳೆಗೆ ಕಟ್ಟಬಹುದು. ನೀರಿನೊಡನೆ ಬಳೆಯೂ ಏರಿಳಿಯುತ್ತದೆ. ಕಂಬದ ಮೇಲೆ ಕಲ್ವದ ಚಿಪ್ಪು ಬೆಳೆದರೆ ಬಳೆ ಸಿಕ್ಕಿಹಾಕಿಕೊಳ್ಳುತ್ತದೆ, ಆಗ ಮೇಲೆ ಹೇಳಿದ ಅನಾಹುತವೇ. ತಿಂಗಳಿಗೊಮ್ಮೆ ಇಳಿತದಲ್ಲಿ ಕತ್ತಿಯಿಂದ ಕೆರೆದು ತೆಗೆಯಿರಿ. ಚಾಚಿಕೊಂಡ ಹಲಗೆಯ ಕಟ್ಟೆಯಿದ್ದಲ್ಲಿ ಇಳಿತದಲ್ಲಿ ದೋಣಿ ಅದರಡಿಗೆ ನುಸುಳದಂತೆ ನೋಡಿಕೊಳ್ಳಬೇಕು. ನೀರು ಏರಿದಾಗ ಅಂಚು ಹಲಗೆಯಡಿಗೆ ಸಿಕ್ಕಿ ದೋಣಿ ಮುಳುಗಿಯೇ ಹೋಗುತ್ತದೆ.

ಕಟ್ಟುವುದಕ್ಕೆ ನೈಲಾನ್ ಹಗ್ಗ ಒಳ್ಳೆಯದು. ಅದು ಎಳೆತಕ್ಕೆ ಹಿಗ್ಗಿ ಪೆಟ್ಟನ್ನು ನುಂಗುತ್ತದೆ. ನೀರಿನಲ್ಲಿ ತೇಲುವ ಅಗ್ಗದ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯೇಳುತ್ತದೆ. ಯಾವ ಹಗ್ಗವಾದರೂ ಕಡಿದುಹೋಗುವುದು ಕಲ್ಲಿನ ಅಂಚಿಗೆ ಉಜ್ಜುವಲ್ಲಿಯೇ. ಅಷ್ಟು ಜಾಗಕ್ಕೆ ಹಳೆಯ ನೀರಿನ ಪೈಪಿನ ಒಂದಡಿ ತುಂಡು ತೊಡಿಸಿ. ಹಗ್ಗ ಸಣ್ಣದಾದರೆ ತೋಟದಲ್ಲಿ ಬಿಸಾಡಿದ ಹನಿ ನೀರಾವರಿ ಪೈಪೇ ಸಾಕು. ಉದ್ದಕ್ಕೆ ಸೀಳಿ ತೊಡಿಸಿ ಹುರಿಯಿಂದ ಕಟ್ಟಿ.

ಮಳೆಗಾಲದಲ್ಲಿ

ಇಪ್ಪತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ತೆರೆದ ದೋಣಿಯಲ್ಲಿ ಹತ್ತು ಸೆಂಟಿಮೀಟರ್ ಮಳೆ ಬಿದ್ದರೆ ಅರ್ಧ ಟನ್ನಿನಷ್ಟು ನೀರು ತುಂಬುತ್ತದೆ. ಜುಲೈಯಲ್ಲಿ ಕರಾವಳಿಗೆ ಅಂಥ ಮಳೆ ಹೊಸತಲ್ಲ. ಹಾಗೆ ಭಾರವಾದ ದೋಣಿ ದಿಂಬನ್ನು ಚಪ್ಪಟೆ ಮಾಡಿಬಿಡುತ್ತದೆ. ನಡುವೆ ಉದ್ದಕ್ಕೆ ಬಿದಿರು ಕಟ್ಟಿ, ಅದರ ಮೇಲೆ ಟಾರ್ಪಾಲನ್ನೋ ಹೆಣೆದ ಮಡಲನ್ನೋ ಇಳಿಜಾರಾಗಿ ಹೊದಿಸಿ. ನೆರೆಯ ದಿನಗಳಲ್ಲಿ ಮುಂತುದಿ ನದಿಯ ಮೇಲ್ಗಡೆಗೆ ಮುಖ ಮಾಡಿರಲಿ. ಕೆಲಸವಿಲ್ಲದಿದ್ದರೆ ದಡಕ್ಕೆ ಎಳೆದು ಮಗುಚಿ ಹಾಕುವುದೇ ಮೇಲು.

ಇದನ್ನೆಲ್ಲ ಮೇ ತಿಂಗಳಲ್ಲಿ, ಕತ್ತ ಚೆನ್ನಾಗಿ ಒಣಗಿರುವಾಗ ಮಾಡಿಟ್ಟುಕೊಳ್ಳಿ. ಇಬ್ಬರು ಕುಳಿತರೆ ದಿನಕ್ಕೆ ಎರಡು ದಿಂಬು ಮುಗಿಯುತ್ತವೆ. ಮೂರನೆಯದಕ್ಕೆ ಮರುದಿನ ಬೆಳಿಗ್ಗೆ ಸಾಕು.